ಬಾಲ್ಯದ ಕಷ್ಟ, ಇಪ್ಪತ್ತರ ಕೀಳರಿಮೆ: ಮೂರು ಜಿಲ್ಲೆಗಳಲ್ಲಿ ಸಿಗುವ ಪುಕ್ಕಟೆ ನೆರವು ಎಷ್ಟು ಕೆಲಸಕ್ಕೆ ಬರುತ್ತದೆ?

ಓದಲು ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇವೆ. ಮಾನಸಿಕ ಆರೋಗ್ಯದ 14416 ಸಹಾಯವಾಣಿಗೆ ಒಳ್ಳೆಯ ಅಂಕ. ತಾಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್‌ಗೆ ಅರ್ಧ ಅಂಕ. ಜಿಲ್ಲಾ ಆಸ್ಪತ್ರೆಯಲ್ಲೋ ಧಾರವಾಡದಲ್ಲೋ ಒಬ್ಬರೇ ಮನೋಶಾಸ್ತ್ರಜ್ಞರ (ಸೈಕಾಲಜಿಸ್ಟ್) ಮುಂದೆ ಆರೆಂಟು ಸಲ ಕೂತು ಬರುವುದು ಸಾಧ್ಯವಾದರೆ ಪೂರ್ತಿ ಅಂಕ. ಕಾಲೇಜುಗಳಲ್ಲಿ ನಡೆಯುವ ಒಂದು ದಿನದ ‘ವ್ಯಕ್ತಿತ್ವ ವಿಕಸನ’ ಶಿಬಿರಕ್ಕೆ ಸೊನ್ನೆ.

ಡಿಪ್ರೆಶನ್, ನಿದ್ದೆ, ಕುಡಿತದ ಲೆಕ್ಕದಲ್ಲಿ ಈ ಸೇವೆಗಳನ್ನು ಅಳೆದರೆ ಅಂಕ ಬೇರೆಯೇ ಬಂದೀತು. ಇಲ್ಲಿ ಅಳೆದಿರುವುದು ಒಂದೇ ತೊಂದರೆಗೆ ಎಷ್ಟು ಉಪಯೋಗ ಎಂಬುದನ್ನು: ಕಷ್ಟದಲ್ಲಿ ಬೆಳೆದ ಹುಡುಗ ಹುಡುಗಿಯರು ಹದಿನೆಂಟರಿಂದ ಇಪ್ಪತ್ತೈದರೊಳಗೆ ತಮ್ಮ ಬಗ್ಗೆ ತಾವೇ ಬರೆದುಕೊಂಡುಬಿಡುವ ತೀರ್ಪು. ‘ನನ್ ಕಡೆ ಆಗಂಗಿಲ್ಲ ಬಿಡ್ರಿ’ ಎನ್ನುವ ಒಂದು ಸಾಲು ಅದು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕಷ್ಟದ ಬಾಲ್ಯಕ್ಕೆ ಹಲವು ರೂಪ. ಅಪ್ಪ ಅವ್ವ ಗೋವಾಕ್ಕೋ ಪುಣೆಗೋ ಗುಳೆ ಹೋದಾಗ ಕೂಸು ಅಜ್ಜಿಯ ಹತ್ತಿರ ಉಳಿದದ್ದು, ಕಬ್ಬು ಕಟಾವಿನ ಹಂಗಾಮಿಗೆ ಶಾಲೆ ತಪ್ಪಿದ್ದು, ಅಪ್ಪನ ಕುಡಿತ, ಫೈನಾನ್ಸಿನವರು ಬಾಗಿಲಿಗೆ ಬಂದಾಗ ‘ಮನ್ಯಾಗ ಯಾರೂ ಇಲ್ರಿ’ ಎಂದು ಹೇಳಲು ಮಗುವನ್ನೇ ಮುಂದೆ ಬಿಟ್ಟದ್ದು. ದೇವದಾಸಿ ಸಮರ್ಪಣೆ 1982ರ ಕಾಯ್ದೆಯಿಂದ ನಿಷೇಧವಾಯಿತು, ಆದರೆ ಅರ್ಜಿಯಲ್ಲಿ ತಂದೆಯ ಹೆಸರಿನ ಖಾನೆ ಎದುರು ಪೆನ್ನು ನಿಂತುಹೋಗುವ ಸಂಕಟ ಆ ತಾಯಂದಿರ ಮಕ್ಕಳಿಗೆ ಅಲ್ಲಿಗೆ ಮುಗಿಯಲಿಲ್ಲ.

ಇಂಥವರು ಕ್ಲಿನಿಕ್‌ಗೆ ಬಂದು ‘ನನಗೆ ಕೀಳರಿಮೆ ಇದೆ’ ಎಂದು ಹೇಳುವುದಿಲ್ಲ. ತಲೆನೋವು, ಸುಸ್ತು, ಓದಿದ್ದು ನೆನಪಿರುವುದಿಲ್ಲ ಎನ್ನುತ್ತಾರೆ. ಒಳಗಿನದು ನಡವಳಿಕೆಯಲ್ಲಿ ಕಾಣುತ್ತದೆ. ಯಾರಾದರೂ ಹೊಗಳಿದರೆ ಕೂಡಲೇ ‘ನಂದೇನಿಲ್ರಿ’ ಎಂದು ತಳ್ಳಿಹಾಕುವುದು. ಸಾಲ ಕೇಳಿದವರಿಗೆ ಇಲ್ಲ ಎನ್ನಲಾಗದೆ ಪಗಾರ ಕರಗಿಸಿಕೊಳ್ಳುವುದು. ಬೆಳಗಾವಿಯ ಆಫೀಸಿನಲ್ಲಿ ಊರಿನ ಹೆಸರು ಕೇಳಿದರೆ ತಾಲೂಕಿನ ಹೆಸರು ಹೇಳಿ ಪಾರಾಗುವುದು. ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಅರ್ಜಿ ಹಾಕಿ, ಫೀ ಕಟ್ಟಿ, ಹಾಲ್ ಟಿಕೆಟ್ ಬಂದ ಮೇಲೆ ಹೋಗದೆ ಉಳಿಯುವುದು. ಕೊನೆಯದನ್ನು ಮನೆಯವರು ಸೋಮಾರಿತನ ಎಂದು ಬೈಯುತ್ತಾರೆ. ಅದು ಸೋಮಾರಿತನವಾಗಿದ್ದರೆ ಅರ್ಜಿ ಹಾಕಲು ಎರಡು ತಿಂಗಳು ಒದ್ದಾಡುತ್ತಿರಲಿಲ್ಲ.

ಬಡತನ ಈ ತೀರ್ಪನ್ನು ನೇರವಾಗಿ ಬರೆಯುತ್ತದೆಯೇ? ಅಮೆರಿಕದಲ್ಲಿ 8,711 ಮಂದಿಯನ್ನು ಬಾಲ್ಯದಿಂದ 27ರ ವಯಸ್ಸಿನವರೆಗೆ ಹಿಂಬಾಲಿಸಿದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಮೊದಲ ಆರು ವರ್ಷದಲ್ಲಿ ಮನೆಯ ವಾತಾವರಣ ಹೇಗಿತ್ತು ಎಂಬುದರ ಗುರುತು 27ರಲ್ಲೂ ಆತ್ಮಗೌರವದ ಮೇಲೆ ಕಂಡಿತು. ವಯಸ್ಸು ಏರಿದಂತೆ ಆ ಗುರುತು ತೆಳುವಾಗುತ್ತ ಬಂತು. ಬಡತನ, ತಾಯಿಯ ಖಿನ್ನತೆ, ತಂದೆ ಜೊತೆಗಿಲ್ಲದಿರುವುದು ಇವೆಲ್ಲ ಬಹುಪಾಲು ಕೆಲಸ ಮಾಡಿದ್ದು ಮನೆಯೊಳಗಿನ ಮಾತು, ಅಕ್ಕರೆ, ಗಮನದ ಮೂಲಕ. ಗುಳೆ ಹೋದ ಮನೆಯ ಮಗುವಿಗೂ, ಅಜ್ಜಿ ದಿನಾ ಸಂಜೆ ಕರೆದು ಊಟಕ್ಕೆ ಹಾಕಿ ‘ಇವತ್ತ ಸಾಲ್ಯಾಗ ಏನಾತು?’ ಎಂದು ಕೇಳುತ್ತಿದ್ದರೆ, ತೀರ್ಪು ಅಷ್ಟು ಕಠಿಣವಾಗಿ ಬರೆಯಲ್ಪಡುವುದಿಲ್ಲ. ಹೀಗಾಗಿ ಸೇವೆ ಕೊಡುವವರು ‘ಬಡತನ ಇತ್ತಾ?’ ಎಂದು ಕೇಳಿ ಟಿಕ್ ಹಾಕಿದರೆ ಸಾಲದು. ‘ಆಗ ನಿಮ್ಮ ಕಡೆ ಲಕ್ಷ್ಯ ಕೊಟ್ಟವರು ಯಾರು?’ ಎಂಬ ಪ್ರಶ್ನೆ ಬರಬೇಕು. ಮುಂದೆ ಹೇಳುವ ಪ್ರತಿಯೊಂದು ಸೇವೆಗೂ ನಮ್ಮ ಮೊದಲ ಪರೀಕ್ಷೆ ಇದೇ.

14416ರಿಂದ ಶುರುಮಾಡೋಣ. ಇದು ಕೇಂದ್ರ ಸರ್ಕಾರದ ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಆರಂಭವಾದದ್ದು. ಹಗಲು ರಾತ್ರಿ ಇರುತ್ತದೆ, ಕರೆಗೆ ದುಡ್ಡಿಲ್ಲ, 20 ಭಾಷೆಗಳಲ್ಲಿ ಸಿಗುತ್ತದೆ. ಬೆಳಗಾವಿಯ ಮಟ್ಟಿಗೆ ಕನ್ನಡದ ಜೊತೆ ಮರಾಠಿ, ಉರ್ದು ಇರುವುದು ದೊಡ್ಡ ಅನುಕೂಲ, ಏಕೆಂದರೆ ಅವ್ವನ ಬಗ್ಗೆ ಮಾತಾಡುವಾಗ ಬರುವ ಭಾಷೆಯೇ ಬೇರೆ. ಕರೆ ಮಾಡಿದರೆ ಮೊದಲು ಭಾಷೆ ಆರಿಸಿಕೊಳ್ಳಬೇಕು, ನಂತರ ತರಬೇತಾದ ಆಪ್ತಸಮಾಲೋಚಕರು ಸಿಗುತ್ತಾರೆ. ವಿಷಯ ಅವರ ಕೈ ಮೀರಿದರೆ ತಜ್ಞರಿಗೆ, ಅಗತ್ಯಬಿದ್ದರೆ ನಿಮ್ಮ ಜಿಲ್ಲೆಯ ಆಸ್ಪತ್ರೆಗೆ ದಾಟಿಸುವ ಎರಡು ಹಂತದ ವ್ಯವಸ್ಥೆ ಇದೆ.

ಫೋನಿನ ದೊಡ್ಡ ಗುಣ ಮುಖ ಕಾಣದಿರುವುದು. ನಾಚಿಕೆಯೇ ರೋಗದ ತಿರುಳಾಗಿರುವವರಿಗೆ ಇದರಷ್ಟು ಸಲೀಸಾದ ಬಾಗಿಲು ಇನ್ನೊಂದಿಲ್ಲ. ಮಿತಿಯೂ ಅಲ್ಲೇ ಇದೆ. ಹದಿನೈದು ವರ್ಷ ಗಟ್ಟಿಯಾದ ತೀರ್ಪು ಒಂದು ಕರೆಯಲ್ಲಿ ಸಡಿಲವಾಗದು. ಪ್ರತಿ ಸಲ ಬೇರೆಯವರು ಫೋನ್ ಎತ್ತಿದರೆ ಕತೆ ಮತ್ತೆ ಮೊದಲಿಂದ ಹೇಳಬೇಕು, ಮೂರನೇ ಸಲಕ್ಕೆ ಹೇಳುವವರಿಗೇ ಬೇಜಾರು. ಆದ್ದರಿಂದ ಕರೆಯನ್ನು ಹೀಗೆ ಬಳಸಿ: ಮೊದಲ ಐದು ನಿಮಿಷದೊಳಗೆ ವಯಸ್ಸು, ಜಿಲ್ಲೆ, ಈಗ ಕಾಡುತ್ತಿರುವ ಒಂದೇ ಒಂದು ಸಂಗತಿ ಹೇಳಿ. ಬಾಲ್ಯದ ವಿವರ ಎರಡು ವಾಕ್ಯ ಸಾಕು. ಕಡೆಗೆ ನೇರವಾಗಿ ಕೇಳಿ: ‘ನಮ್ಮ ಜಿಲ್ಲೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಯಾವ ದಿನ, ಎಲ್ಲಿ ಸಿಗುತ್ತಾರೆ? ನೀವೇ ಮತ್ತೆ ಕರೆ ಮಾಡುತ್ತೀರಾ?’ ಈ ಎರಡು ಉತ್ತರ ಸಿಕ್ಕರೆ ಕರೆ ಸಾರ್ಥಕ. ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಮಂದಿ ಇದ್ದರೆ ಟೆರೇಸೋ ಗ್ರೌಂಡೋ ನೋಡಿಕೊಳ್ಳಿ. ಪಕ್ಕದಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದರೆ ನಿಜವಾದ ಮಾತು ಬಾಯಿಗೆ ಬರುವುದಿಲ್ಲ.

ತಾಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ ರಾಜ್ಯದ ಯೋಜನೆ, ಸಾಮಾನ್ಯವಾಗಿ ಮಂಗಳವಾರ. ಆಧಾರ್ ಮತ್ತು ಬಿಪಿಎಲ್ ಕಾರ್ಡ್ ತೆಗೆದುಕೊಂಡು ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಿ. ಸೈಕಿಯಾಟ್ರಿಸ್ಟ್ ಒಬ್ಬರೇ, ಸಾಲು ಉದ್ದ. ನಿಮಗೆ ಸಿಗುವುದು ಐದರಿಂದ ಹತ್ತು ನಿಮಿಷ. ಕೀಳರಿಮೆಯ ಕೆಲಸಕ್ಕೆ ಇದು ಸಾಲುವುದಿಲ್ಲ, ಅರ್ಧ ಅಂಕ ಅದಕ್ಕೇ. ಆದರೂ ಬಿಟ್ಟುಬಿಡಬೇಡಿ ಎನ್ನಲು ಎರಡು ಕಾರಣಗಳಿವೆ.

ಒಂದು, ಮೈಯ ತಪಾಸಣೆ. ಸುಸ್ತು, ಮಂಕು, ‘ನನಗೇನೂ ಆಗಂಗಿಲ್ಲ’ ಎನ್ನುವುದರ ಹಿಂದೆ ರಕ್ತಹೀನತೆಯೋ ಥೈರಾಯ್ಡೋ ಇರಬಹುದು. ಹಿಮೋಗ್ಲೋಬಿನ್ ಮತ್ತು ಥೈರಾಯ್ಡಿನ ಟಿಎಸ್‌ಎಚ್ ಪರೀಕ್ಷೆ ಬರೆಯಿಸಿಕೊಳ್ಳಿ. ಹಿಮೋಗ್ಲೋಬಿನ್ ಹುಡುಗಿಯರಲ್ಲಿ 12, ಹುಡುಗರಲ್ಲಿ 13 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಎಂಟು ಗ್ರಾಂ ರಕ್ತ ಇಟ್ಟುಕೊಂಡು ‘ನಾ ದಡ್ಡಿ ಅದೀನಿ’ ಎಂದು ನಂಬಿ ಕೂತವರಿಗೆ ಮೊದಲು ಬೇಕಾದದ್ದು ಕಬ್ಬಿಣದ ಮಾತ್ರೆ.

ಎರಡು, ಖಿನ್ನತೆ ಜೊತೆಗಿದ್ದರೆ ಔಷಧ. ಪಿಎಚ್‌ಕ್ಯೂ-9 ಎನ್ನುವ ಒಂಬತ್ತು ಪ್ರಶ್ನೆಯ ಹಾಳೆಯಲ್ಲಿ 27ಕ್ಕೆ 10 ಅಥವಾ ಹೆಚ್ಚು ಬಂದರೆ ವೈದ್ಯರು ಗಂಭೀರವಾಗಿ ನೋಡುತ್ತಾರೆ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಇದ್ದರೂ ಒಟ್ಟು ಅಂಕ ನೋಡುತ್ತ ಕೂರಬಾರದು, ಅದೇ ದಿನ ಮಾತಾಡಬೇಕು. ಔಷಧ ಕೊಟ್ಟರೆ ಫಲ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಿ, ‘ಗುಳಿಗಿ ನನಗ ಆಗಿಬರಂಗಿಲ್ಲ’ ಎಂದು ಬಿಟ್ಟುಬಿಡುವವರೇ ಹೆಚ್ಚು. ಇನ್ನು ಕೆಲವರು ಚೆನ್ನಾಗಿ ಅನಿಸಿದ ಕೂಡಲೇ ಒಮ್ಮೆಲೆ ನಿಲ್ಲಿಸುತ್ತಾರೆ, ತಲೆಸುತ್ತು ಬಂದಾಗ ಹೆದರುತ್ತಾರೆ. ಇಳಿಸುವುದನ್ನು ವೈದ್ಯರೇ ಮಾಡಬೇಕು. ಔಷಧ ಮಾಡುವುದು ಇಷ್ಟು: ಮನಸ್ಸಿಗೆ ಕೂತು ಕೆಲಸ ಮಾಡುವಷ್ಟು ತ್ರಾಣ ಕೊಡುತ್ತದೆ. ತೀರ್ಪನ್ನು ಅಳಿಸಿ ಬೇರೆ ಬರೆಯುವ ಗುಳಿಗೆ ಯಾವ ಮೆಡಿಕಲ್ ಶಾಪಿನಲ್ಲೂ ಇಲ್ಲ.

ನಮ್ಮ ಪೂರ್ತಿ ಅಂಕ ಹೋಗಿರುವುದು ಮುಂದಿನದಕ್ಕೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಸೈಕಿಯಾಟ್ರಿಸ್ಟ್ ಜೊತೆ ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್ ಇರಬೇಕೆಂದು ಯೋಜನೆಯೇ ಹೇಳುತ್ತದೆ. ವೈದ್ಯಕೀಯ ಕಾಲೇಜುಗಳ ಮನೋರೋಗ ವಿಭಾಗದಲ್ಲೂ ಇವರು ಸಿಗುತ್ತಾರೆ, ಬೆಳಗಾವಿಯ ಬಿಮ್ಸ್ ಅಂಥದ್ದೇ ಸರ್ಕಾರಿ ಸಂಸ್ಥೆ. ದೂರವಾದರೂ ಪರವಾಗಿಲ್ಲ ಎನ್ನುವವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬೆಳಗಾವಿಯಿಂದ ಸುಮಾರು 80 ಕಿ.ಮೀ., ವಿಜಯಪುರದಿಂದ ಸುಮಾರು 200. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಪುಕ್ಕಟೆಯಾಗಿರುವುದರಿಂದ ಹಾದಿಖರ್ಚಿಗೆ ಮನೆಯಲ್ಲಿ ಕೈಚಾಚಬೇಕಿಲ್ಲ. ಈ ಒಂದು ಅನುಕೂಲದಿಂದ ಎಷ್ಟೋ ಚಿಕಿತ್ಸೆ ನಡುವೆ ನಿಲ್ಲುವುದು ತಪ್ಪೀತು.

ಚೀಟಿ ಮಾಡಿಸುವಾಗ ‘ಡಾಕ್ಟರ್ ಹತ್ರ’ ಎಂದರೆ ಮತ್ತೆ ಅದೇ ಐದು ನಿಮಿಷದ ಸಾಲಿಗೆ ಬೀಳುತ್ತೀರಿ. ‘ಸೈಕಾಲಜಿಸ್ಟ್ ಹತ್ರ ಕೌನ್ಸೆಲಿಂಗ್ ಬೇಕು, ಒಬ್ಬರ ಹತ್ರಾನೇ ಆರೆಂಟು ಸಲ ಬರತೀನಿ’ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಒಂದು ಸಲಕ್ಕೆ 45ರಿಂದ 50 ನಿಮಿಷ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ.

ಒಳಗೆ ಏನು ನಡೆಯಬೇಕು? ಕೀಳರಿಮೆಗೆ ಹೆಚ್ಚು ಬಳಕೆಯಲ್ಲಿರುವ ನಕ್ಷೆ ಬ್ರಿಟನ್ನಿನ ಮನೋಶಾಸ್ತ್ರಜ್ಞೆ ಮೆಲನಿ ಫೆನೆಲ್ 1997ರಲ್ಲಿ ಪ್ರಕಟಿಸಿದ್ದು. ಬಾಲ್ಯದ ಅನುಭವಗಳಿಂದ ತನ್ನ ಬಗ್ಗೆ ಒಂದು ಕೊನೆಯ ತೀರ್ಮಾನ ಹುಟ್ಟುತ್ತದೆ, ‘ನಾನು ಮನೆಗೆ ಭಾರ’ ಎಂದಿಟ್ಟುಕೊಳ್ಳಿ. ಅದನ್ನು ಮುಚ್ಚಿಟ್ಟು ಬದುಕಲು ಕೆಲವು ಕಟ್ಟಳೆ ಹಾಕಿಕೊಳ್ಳುತ್ತೇವೆ: ಯಾರಿಗೂ ಇಲ್ಲ ಎನ್ನಬಾರದು, ಎಲ್ಲದರಲ್ಲೂ ತಪ್ಪಿಲ್ಲದೆ ಮಾಡಬೇಕು, ಸಹಾಯ ಕೇಳಬಾರದು. ಕಟ್ಟಳೆ ಮುರಿಯದಿರುವ ತನಕ ದಿನ ಸಾಗುತ್ತದೆ. ಒಂದು ಸಲ ಮುರಿಯಿತೋ, ಹಳೆಯ ತೀರ್ಮಾನ ಎದ್ದು ಕೂರುತ್ತದೆ, ಮುಂದಿನದು ಕೆಟ್ಟದ್ದೇ ಎಂಬ ಊಹೆ ಬರುತ್ತದೆ, ಊಹೆಗೆ ಹೆದರಿ ಹಿಂಜರಿಯುತ್ತೇವೆ, ಹಿಂಜರಿದದ್ದೇ ‘ನೋಡು, ನಾ ಹೇಳಿರಲಿಲ್ಲವಾ’ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಹಾಲ್ ಟಿಕೆಟ್ ಬಂದ ಮೇಲೆ ಪರೀಕ್ಷೆಗೆ ಹೋಗದವರು ಸಿಕ್ಕಿಕೊಂಡಿರುವುದು ಈ ಸುತ್ತಿನಲ್ಲೇ. ಒಳ್ಳೆಯ ಸಮಾಲೋಚಕರು ಮೊದಲೆರಡು ಸಲದಲ್ಲಿ ಈ ಸುತ್ತನ್ನು ನಿಮ್ಮದೇ ಮಾತಿನಲ್ಲಿ ಒಂದು ಹಾಳೆಯ ಮೇಲೆ ಬರೆದು ತೋರಿಸುತ್ತಾರೆ. ತೋರಿಸದಿದ್ದರೆ ಕೇಳಿ.

ನಡುವಿನ ಮೂರ್ನಾಲ್ಕು ಭೇಟಿ ನೋಟ್‌ಬುಕ್ಕಿನ ಕೆಲಸ. ಅದು ಹೇಗಿರುತ್ತದೆಂದು ಹತ್ತಿರದಿಂದ ತೋರಿಸಲು ಬೆಳಗಾವಿಯ ಉದ್ಯಮಬಾಗದ ಮಶೀನ್ ಶಾಪಿನಲ್ಲಿರುವ ಟ್ರೇನಿಯ ಒಂದು ಪುಟ ಎಂದುಕೊಳ್ಳಿ. ಅಡ್ಡಕ್ಕೆ ಐದು ಕಾಲಂ. ಮೊದಲನೆಯದರಲ್ಲಿ ಆದದ್ದು: 25 ಮಿ.ಮೀ. ಶಾಫ್ಟ್, 40 ಪೀಸ್, ಅದರಲ್ಲಿ 2 ರಿಜೆಕ್ಟ್, ಸೂಪರ್‌ವೈಸರ್ ‘ಲಕ್ಷ್ಯ ಎಲ್ಲೈತಿ?’ ಅಂದರು. ಎರಡನೆಯದರಲ್ಲಿ ಆಗ ತಲೆಯೊಳಗೆ ಬಂದ ಮಾತು, ಬಂದ ಹಾಗೆಯೇ: ‘ನನಗ ಯಾವ ಕೆಲಸಾನೂ ಬರಂಗಿಲ್ಲ, ಇವತ್ತಲ್ಲ ನಾಳೆ ತಗದ ಹಾಕತಾರ’. ಪಕ್ಕದಲ್ಲಿ ನಂಬಿಕೆ, ನೂರಕ್ಕೆ 90. ಮೂರನೆಯದರಲ್ಲಿ ಈ ಮಾತಿಗೆ ಪುರಾವೆ: ಎರಡು ಪೀಸ್ ಕೆಟ್ಟವು, ಬೈಸಿಕೊಂಡೆ. ನಾಲ್ಕನೆಯದರಲ್ಲಿ ವಿರುದ್ಧದ ಪುರಾವೆ: 38 ಪೀಸ್ ಸರಿ ಬಂದಿವೆ. ಕೆಟ್ಟ ಎರಡೂ ಇನ್‌ಸರ್ಟ್ (ಕತ್ತರಿಸುವ ತುದಿ) ಬದಲಿಸಿದ ಮೇಲಿನವು, ಮಶೀನಿನಲ್ಲಿ ಅದರ ಅಳತೆಯ ಆಫ್‌ಸೆಟ್ ತಿದ್ದಿರಲಿಲ್ಲ. ಮೂರನೇ ಪೀಸಿಗೆ ಅಳತೆ ನೋಡಿ ನಾನೇ ಹಿಡಿದೆ. ಐದನೆಯದರಲ್ಲಿ ಹೊಸ ವಾಕ್ಯ: ‘ಇನ್‌ಸರ್ಟ್ ಬದಲಿಸಿದಾಗ ಮೊದಲ ಪೀಸ್ ಅಳೆಯೋದು ತಪ್ಪಿಸಿದೆ, ಉಳಿದದ್ದು ಬರತೈತಿ’. ಮತ್ತೆ ನಂಬಿಕೆ ಹಾಕಿದರೆ ಹಳೆಯ ಮಾತಿಗೆ 60.

90 ಇದ್ದದ್ದು 60ಕ್ಕೆ ಇಳಿದರೆ ಅದು ಒಳ್ಳೆಯ ಪುಟ. ಸೊನ್ನೆಗೆ ಇಳಿಯಿತು ಎಂದು ಬರೆದವರು ಸಾಮಾನ್ಯವಾಗಿ ಸಮಾಲೋಚಕರನ್ನು ಖುಷಿಪಡಿಸಲು ಬರೆದಿರುತ್ತಾರೆ, ಎಲ್ಲರನ್ನೂ ಖುಷಿಯಲ್ಲಿಡಬೇಕೆಂಬ ಹಳೆಯ ಕಟ್ಟಳೆಯೇ ಅಲ್ಲಿ ಕೆಲಸ ಮಾಡುತ್ತಿರುತ್ತದೆ. ಇನ್ನೊಂದು ತಪ್ಪು ನಾಲ್ಕನೇ ಕಾಲಮ್ಮಿನಲ್ಲಿ ‘ನಾನು ಒಳ್ಳೆಯವನು’, ‘ದೇವರಿದ್ದಾನೆ’ ಎಂದು ಬರೆಯುವುದು. ಅಲ್ಲಿ ನ್ಯಾಯಾಲಯದಲ್ಲಿ ನಿಲ್ಲುವಂಥ ಸಂಗತಿ ಬೇಕು: ಎಣಿಕೆ, ದಿನಾಂಕ, ಯಾರು ಏನೆಂದರು.

ಕಷ್ಟದಲ್ಲಿ ಬೆಳೆದವರ ಬಳಿ ಇಂಥ ಪುರಾವೆ ಬೇಕಾದಷ್ಟಿರುತ್ತದೆ, ಅವರು ಅದನ್ನು ಎಣಿಸಿಯೇ ಇರುವುದಿಲ್ಲ. ಹನ್ನೆರಡನೇ ವಯಸ್ಸಿಗೆ ಅವ್ವನ ಬ್ಯಾಂಕ್ ಚಲನ್ ತುಂಬಿದ್ದು, ತಂಗಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಾಕಿದ್ದು, ಅಂಗಡಿಯವರ ಹತ್ತಿರ ಉದ್ರಿಗೆ ಒಂದು ವಾರ ಗಡುವು ಕೇಳಿದ್ದು. ಇವನ್ನು ‘ನಮ್ಮ ಗೋಳು’ ಎಂಬ ಖಾತೆಗೆ ಬರೆದಿರುತ್ತಾರೆ. ಒಳ್ಳೆಯ ಸಮಾಲೋಚಕರು ಅದನ್ನು ಕೆಲಸ ಬಲ್ಲವರ ಖಾತೆಗೆ ವರ್ಗಾಯಿಸುತ್ತಾರೆ. ದಿನಕ್ಕೆ ಮೂರು ಸಾಲು, ಮಲಗುವ ಮುಂಚೆ, ಆ ದಿನ ಮಾಡಿ ಮುಗಿಸಿದ ಮೂರು ಕೆಲಸ. ಆರು ವಾರ ತಪ್ಪದೆ ಬರೆದ ನೋಟ್‌ಬುಕ್ ಯಾವ ಭಾಷಣಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಎರಡು ದಿನ ತಪ್ಪಿದರೆ ಹಿಂದಿನದನ್ನು ತುಂಬಿಸುವ ಗೋಜಿಗೆ ಹೋಗಬೇಡಿ, ಇವತ್ತಿನಿಂದ ಬರೆಯಿರಿ. ತಪ್ಪಿದ ಪುಟ ನೋಡಿ ಪೂರ್ತಿ ಬಿಟ್ಟವರೇ ಹೆಚ್ಚು.

ಕೊನೆಯ ಭೇಟಿಗಳಲ್ಲಿ ಹೊರಗಿನ ಪರೀಕ್ಷೆ ಬರಬೇಕು. ‘ಕೇಳಿದರ ಬೈತಾರ’ ಎಂಬ ಊಹೆ ಇದ್ದರೆ ಒಂದು ವಾರದಲ್ಲಿ ಮೂರು ಸಲ ಬೇಕೆಂದೇ ಸಂದೇಹ ಕೇಳಿ, ಮುಂಚೆ ಊಹೆ ಬರೆದಿಟ್ಟು, ಆಮೇಲೆ ಆದದ್ದು ಬರೆಯುವುದು. ಊಹೆ ಮುಂಚೆ ಬರೆಯದಿದ್ದರೆ ಪ್ರಯೋಗ ದಂಡ, ಮನಸ್ಸು ‘ನನಗೆ ಮೊದಲೇ ಗೊತ್ತಿತ್ತು’ ಎಂದುಬಿಡುತ್ತದೆ.

ಫಲ ಅಳೆಯಲು ಆತ್ಮಗೌರವದ ರೋಸೆನ್‌ಬರ್ಗ್ ಮಾಪಕ ಸಾಕು. 1965ರದ್ದು, ಹತ್ತು ಹೇಳಿಕೆ, ಒಂದೊಂದಕ್ಕೆ 0ರಿಂದ 3, ಒಟ್ಟು 30. ಐದು ಹೇಳಿಕೆಗಳಿಗೆ ಅಂಕ ತಿರುಗಿಸಿ (3 ಇದ್ದಲ್ಲಿ 0, 2 ಇದ್ದಲ್ಲಿ 1) ಹಾಕಬೇಕು. ಮೊಬೈಲಿನಲ್ಲಿ ತಾವೇ ತುಂಬುವವರು ಎಡವುವುದು ಅಲ್ಲೇ, ಎಲ್ಲವನ್ನೂ ನೇರ ಕೂಡಿಸಿ ಏನೋ ಒಂದು ಸಂಖ್ಯೆ ಹಿಡಿದು ಕಂಗಾಲಾಗುತ್ತಾರೆ. ನಾಲ್ಕು ವಾರಕ್ಕೊಮ್ಮೆ ತುಂಬಿ. ಒಂದೆರಡು ಅಂಕದ ಏರಿಳಿತಕ್ಕೆ ಅರ್ಥ ಹಚ್ಚಬೇಡಿ.

‘ಬಾಲ್ಯದ ಆಘಾತದ ಸ್ಕೋರ್’ ಎಂದು ಹತ್ತು ಪ್ರಶ್ನೆ ಕೇಳಿ 10ಕ್ಕೆ ಇಷ್ಟು ಎನ್ನುವ ಪರೀಕ್ಷೆ ಈಗ ಎಲ್ಲ ಮೊಬೈಲಿನಲ್ಲೂ ಓಡಾಡುತ್ತಿದೆ. ಅದರ ಮೂಲ 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎಸಿಇ (ಬಾಲ್ಯದ ಕಹಿ ಅನುಭವಗಳು) ಅಧ್ಯಯನ. ಇಡೀ ಜನಸಮುದಾಯದ ಆರೋಗ್ಯ ತಿಳಿಯಲು ಮಾಡಿದ್ದು. ಅದನ್ನು ರೂಪಿಸಿದ ರಾಬರ್ಟ್ ಆಂಡಾ ಅವರೇ 2020ರಲ್ಲಿ ಒಬ್ಬೊಬ್ಬರ ಭವಿಷ್ಯ ಹೇಳಲು ಈ ಅಂಕ ಬಳಸಬೇಡಿ ಎಂದು ಬರೆದರು. ಅದರ ಹತ್ತು ಪ್ರಶ್ನೆಗಳಲ್ಲಿ ಗುಳೆಯೂ ಇಲ್ಲ, ಜಾತಿಯ ಅವಮಾನವೂ ಇಲ್ಲ. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಟ್ಟಲೆ ಹಿಂಬಾಲಿಸಿದಾಗ, ಅತಿ ಕಷ್ಟದಲ್ಲಿ ಬೆಳೆದವರಲ್ಲೂ ಮೂರರಲ್ಲಿ ಒಬ್ಬರು ಸಮರ್ಥರಾಗಿ ಬೆಳೆದದ್ದು ಕಂಡಿತು. ಹೀಗೆ ಬೆಳೆದ ಹೆಚ್ಚಿನವರ ಬದುಕಿನಲ್ಲಿ ತಂದೆತಾಯಿಯಲ್ಲದಿದ್ದರೂ ಅಜ್ಜಿಯೋ ಶಿಕ್ಷಕರೋ, ಆಸರೆಯಾದ ಒಬ್ಬ ಹಿರಿಯರಿದ್ದರು. ಸ್ಕೋರ್ ಹೇಳಿ ‘ನಿಮಗೆ 7 ಬಂದಿದೆ’ ಎಂದು ಮುಖ ಸಣ್ಣ ಮಾಡುವ ಸಮಾಲೋಚಕರ ಹತ್ತಿರ ಎರಡನೇ ಸಲ ಹೋಗುವ ಅಗತ್ಯವಿಲ್ಲ.

ಎದ್ದು ಬರಬೇಕಾದ ಇನ್ನೆರಡು ಸಂದರ್ಭ ಇವೆ. ಹತ್ತು ನಿಮಿಷದೊಳಗೆ ‘ನಿನಗಿಂತ ಕಷ್ಟದಾಗ ಎಷ್ಟ ಮಂದಿ ಅದಾರ, ಧೈರ್ಯ ತಗೋ, ಯೋಗ ಮಾಡು’ ಎಂದರೆ ಅಲ್ಲಿ ಕೇಳುವವರಿಲ್ಲ. ಮೊದಲ ದಿನವೇ ಏಟು, ಅವಮಾನ, ದೌರ್ಜನ್ಯದ ವಿವರವನ್ನೆಲ್ಲ ಕೆದಕಿ ಅಳಿಸಿ ಕಳಿಸಿದರೆ ಅದು ಇನ್ನೂ ಅಪಾಯ. ಘಟನೆಯ ಬೆನ್ನಿಗೇ ಒಂದೇ ಭೇಟಿಯಲ್ಲಿ ಎಲ್ಲವನ್ನೂ ಹೊರಹಾಕಿಸುವ ಪದ್ಧತಿಯಿಂದ ಪ್ರಯೋಜನವಿಲ್ಲವೆಂದು ಸಂಶೋಧನೆ ಈಗಾಗಲೇ ತೋರಿಸಿದೆ, ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪುವುದಿಲ್ಲ. ವಿವರ ಹೇಳುವ ವೇಗ ನಿಮ್ಮದಾಗಿರಬೇಕು. ಅಪ್ಪ ಅವ್ವ ಜೊತೆ ಬಂದಿದ್ದರೆ ಹೊರಗೆ ಕೂರಿಸಿ ಎಂದು ಕೇಳುವುದು ನಿಮ್ಮ ಹಕ್ಕು. 18 ತುಂಬಿದವರ ಮಾತನ್ನು ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಜೀವಕ್ಕೆ ಅಪಾಯ, ಕೋರ್ಟಿನ ಆದೇಶದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ.

ಖಾಸಗಿಗೆ ಹೋಗುವವರು ಬೋರ್ಡಿನ ಮೇಲಿನ ‘ಕೌನ್ಸೆಲರ್’ ಎಂಬ ಪದವನ್ನು ನಂಬಿ ದುಡ್ಡು ಕೊಡಬೇಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇರುತ್ತದೆ, ಕೇಳಿ ತಿಳಿದುಕೊಳ್ಳಿ. ರಾಜ್ಯ ಸರ್ಕಾರ ಯುವಜನರಿಗಾಗಿ ನಡೆಸುವ ಯುವ ಸ್ಪಂದನ ಕೇಂದ್ರ ಚಿಕಿತ್ಸೆಯ ಜಾಗವಲ್ಲ, ಓದು, ಕೆಲಸ, ಸಂಬಂಧಗಳ ಬಗ್ಗೆ ಮಾರ್ಗದರ್ಶನ ಕೊಡುತ್ತದೆ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಕಾಲು ಬರದವರಿಗೆ ಸರಿ.

ಶಿಬಿರಕ್ಕೆ ಸೊನ್ನೆ ಯಾಕೆ ಎಂದು ಕೇಳುವವರಿಗೆ: ಮುನ್ನೂರು ಮಂದಿಯನ್ನು ಸಭಾಂಗಣದಲ್ಲಿ ನಿಲ್ಲಿಸಿ ‘ನಾನು ಗೆಲ್ಲುತ್ತೇನೆ’ ಎಂದು ಕೂಗಿಸಿದರೆ ಮೊದಲೇ ನಂಬಿಕೆಯಿದ್ದವರು ಖುಷಿಪಡುತ್ತಾರೆ. ಇಲ್ಲದವರು ಒಳಗೊಳಗೇ ‘ಎಲ್ಲಾರ್ಗೂ ಆಗತೈತಿ, ನನಗಷ್ಟ ಆಗವಲ್ದು’ ಎಂದು ಹಳೆಯ ತೀರ್ಪಿಗೆ ಇನ್ನೊಂದು ಸಹಿ ಹಾಕಿಕೊಂಡು ಬರುತ್ತಾರೆ. ಆ ದುಡ್ಡಿನಲ್ಲಿ ಕಾಲೇಜು ತಿಂಗಳಿಗೆ ಎರಡು ದಿನ ಒಬ್ಬ ಮನೋಶಾಸ್ತ್ರಜ್ಞರನ್ನು ಕರೆಸಿ, ಬಾಗಿಲು ಮುಚ್ಚುವ ಒಂದು ಕೋಣೆ ಕೊಟ್ಟರೆ ಸಾಕು.

ಭೇಟಿ ಶುರುಮಾಡುವ ಹೊತ್ತನ್ನೂ ನೋಡಿಕೊಳ್ಳಿ. ಸೆಮಿಸ್ಟರ್ ಪರೀಕ್ಷೆಗೆ ಮೂರು ವಾರ ಇರುವಾಗ, ಅಥವಾ ಹೊಲದ ಕೆಲಸಕ್ಕೆ ಮನೆಯವರು ಕರೆಯುವ ಹಂಗಾಮಿನಲ್ಲಿ ಹಿಡಿದರೆ ಮೂರನೇ ಭೇಟಿಗೆ ತಪ್ಪುತ್ತದೆ. ತೀರಾ ಅವಸರವಿಲ್ಲದಿದ್ದರೆ ಎರಡು ತಿಂಗಳು ಬಿಡುವಿರುವ ಹೊತ್ತಿಗೆ ಮೊದಲ ದಿನ ಗೊತ್ತುಮಾಡಿ, ಎಂಟು ತಾರೀಖುಗಳನ್ನೂ ಅಂದೇ ಚೀಟಿಯ ಹಿಂದೆ ಬರೆಸಿಕೊಳ್ಳಿ. ಅಲ್ಲಿಯವರೆಗೆ 14416 ಇದ್ದೇ ಇದೆ.